ಅಣ್ಣ-ತಂಗಿ ಸೇರಿ ಹೊಳೆಗೆ ಹೊರಟರೆ: ಅಜ್ಜಿ ಮನೆಯ ರಜೆಗೆ ಮಾಡಿಕೊಳ್ಳಬೇಕಾದ ತಯಾರಿ

ಪ್ರಶ್ನೆ: ಮಗನಿಗೆ 12 ವರ್ಷ, ಮಗಳಿಗೆ 8. ಏಪ್ರಿಲ್, ಮೇ ಎರಡೂ ತಿಂಗಳು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅತ್ತೆ ಮನೆಯಲ್ಲಿರುತ್ತಾರೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ, ಅರ್ಧ ಕಿಲೋಮೀಟರ್ ದೂರದಲ್ಲಿ ಹೊಳೆ. ಕಳೆದ ವರ್ಷ ಇಬ್ಬರೂ ಯಾರಿಗೂ ಹೇಳದೆ ಹೊಳೆಗೆ ಇಳಿದಿದ್ದು ಪಕ್ಕದ ಮನೆಯವರಿಂದ ಗೊತ್ತಾಯಿತು. ಹಸಿ ಗೇರುಬೀಜ ಕಚ್ಚಿ ಮಗಳ ತುಟಿ ಸುಟ್ಟಿದ್ದನ್ನು ಎರಡು ದಿನ ಮುಚ್ಚಿಟ್ಟಿದ್ದರು. ಅತ್ತೆ-ಮಾವನಿಗೆ ಎಪ್ಪತ್ತು ದಾಟಿದೆ, ಇವರ ಹಿಂದೆ ಓಡಲು ಆಗುವುದಿಲ್ಲ. ಈ ಸಲ ಅಂಗಳ ದಾಟಬೇಡಿ ಎಂದು ಕಟ್ಟುಮಾಡಲೇ? ಬಿಡುವುದಾದರೆ ಏನೇನು ಕಲಿಸಿ ಬಿಡಬೇಕು?

ಉತ್ತರ: ಅಂಗಳ ದಾಟಬೇಡಿ ಎಂಬ ಕಟ್ಟು ಒಂದು ವಾರವೂ ನಿಲ್ಲುವುದಿಲ್ಲ. ಊಟ ಮುಗಿಸಿ ಅಜ್ಜ-ಅಜ್ಜಿ ಅರ್ಧ ಗಂಟೆ ಅಡ್ಡಾಗುತ್ತಾರೆ, ಮಕ್ಕಳಿಗೆ ಅಷ್ಟು ಹೊತ್ತು ಸಾಕು. ಕದ್ದು ಹೋದ ಮಕ್ಕಳು ಏನಾದರೂ ಆದಾಗ ಕೂಗಿ ಕರೆಯುವುದಕ್ಕೂ ಹೆದರುತ್ತಾರೆ. ಹಾಗಾಗಿ ಬಿಡಿ. ಆದರೆ ಮೊದಲ ಎರಡು ದಿನ ನೀವೋ ನಿಮ್ಮ ಯಜಮಾನರೋ ಅಲ್ಲೇ ಉಳಿದು, ಜಾಗ ತೋರಿಸಿ, ಕೆಲವನ್ನು ಅವರ ಕೈಯಿಂದಲೇ ಮಾಡಿಸಿ ಆಮೇಲೆ ಹೊರಡಿ. ಬೆಂಗಳೂರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳಿಸಿದ ಬುದ್ಧಿ ಬಸ್ ಇಳಿಯುವ ಹೊತ್ತಿಗೆ ಮರೆತಿರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಹೊಳೆಗಿಂತ ಆ ಎರಡು ದಿನದ ಮುಚ್ಚಿಡುವಿಕೆ. ಗೇರೆಣ್ಣೆಯ ಸುಟ್ಟಗಾಯ ಎರಡು ದಿನ ತಡವಾದರೆ ನೋವು ಜಾಸ್ತಿ, ಅಷ್ಟೆ. ಅದೇ ಜಾಗದಲ್ಲಿ ನಾಯಿ ಪರಚಿದ್ದೋ ಹಾವು ಕಚ್ಚಿದ್ದೋ ಇದ್ದಿದ್ದರೆ ಪ್ರಾಣಕ್ಕೇ ಬರುತ್ತಿತ್ತು. ಅಣ್ಣ-ತಂಗಿ ಜೋಡಿಯಲ್ಲಿ ಇದು ಹೆಚ್ಚು. ಏನಾದರೂ ಆದರೆ "ದೊಡ್ಡವನು ನೀನು, ನಿಂಗೆ ಬುದ್ಧಿ ಬೇಡ್ವಾ" ಎಂದು ಬೈಸಿಕೊಳ್ಳುವವನು ಅಣ್ಣ. ಅದಕ್ಕೇ ಅವನು "ಅಮ್ಮಂಗೆ ಹೇಳ್ಬೇಡ" ಎನ್ನುತ್ತಾನೆ. ಹೇಳಿದರೆ ನಾಳೆಯಿಂದ ತನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ ಎಂದು ಗೊತ್ತಿರುವ ತಂಗಿ ಬಾಯಿ ಬಿಡುವುದಿಲ್ಲ.

ಇದನ್ನು ಮುರಿಯಲು ಒಂದು ಕರಾರು ಮಾಡಿಕೊಳ್ಳಿ: ಏಟು, ಗಾಯ, ಕಡಿತ ಏನೇ ಇರಲಿ, ಆದ ಕೂಡಲೇ ಬಂದು ಹೇಳಿದರೆ ಆ ದಿನ ಬೈಗುಳವಿಲ್ಲ, ಮರುದಿನ ಆಟಕ್ಕೆ ತಡೆಯೂ ಇಲ್ಲ. ಮುಚ್ಚಿಟ್ಟರೆ ಮಾತ್ರ ತಡೆ. ಇದನ್ನು ಅಜ್ಜ-ಅಜ್ಜಿಯ ಎದುರಿನಲ್ಲೇ ಹೇಳಿ, ಅವರಿಂದಲೂ ಮಾತು ತೆಗೆದುಕೊಳ್ಳಿ. ಕರಾರು ಮುರಿಯುವುದು ಸಾಮಾನ್ಯವಾಗಿ ದೊಡ್ಡವರೇ. ಮಗು ಬಂದು ಹೇಳಿದಾಗ ಅಜ್ಜ ಒಮ್ಮೆ ಗದರಿದರೆ ಆಮೇಲೆ ಇಡೀ ರಜೆ ಯಾವ ಸುದ್ದಿಯೂ ಮನೆಗೆ ಬರುವುದಿಲ್ಲ.

ಇನ್ನೊಂದು ಮಾತು. 12 ವರ್ಷದ ಹುಡುಗನನ್ನು 8 ವರ್ಷದವಳ ಕಾವಲಿಗೆ ಇಡಬೇಡಿ. ಅವನು ಜೊತೆಗಾರ, ಅಷ್ಟೇ. ಇಬ್ಬರೂ ಜೊತೆಗಿದ್ದಾಗ ತಂಗಿ ತಾನಾಗಿ ಮಾಡಬಲ್ಲಷ್ಟೇ ಅಳತೆ. ಅವಳು "ಬೇಡ" ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಇದರಿಂದ ಅಣ್ಣನಿಗೆ ಕಟ್ಟಿಹಾಕಿದ ಹಾಗಾಗುತ್ತದೆ, ಆಗ ಅವನು ಸವಾಲು ಹಾಕಿ ಅವಳನ್ನು ಎಳೆಯಲು ಶುರುಮಾಡುತ್ತಾನೆ. ಅದಕ್ಕೆ ಮದ್ದೆಂದರೆ ದಿನಕ್ಕೆ ಒಂದೆರಡು ಗಂಟೆ ಅವನಿಗೇ ಬಿಟ್ಟ ಹೊತ್ತು. ಚಿಕ್ಕಪ್ಪನ ಜೊತೆ ತೋಟಕ್ಕೆ ನೀರು ಬಿಡುವುದೋ, ಊರಿನ ಹುಡುಗರ ಜೊತೆ ಕ್ರಿಕೆಟ್ಟೋ, ಅಲ್ಲಿ ತಂಗಿಯ ಬಾಲ ಇರಬಾರದು.

ಈಗ ಹೊಳೆಗೆ ಬರೋಣ. ಉಳಿದೆಲ್ಲ ಅಪಾಯಗಳನ್ನು ಒಂದು ತಕ್ಕಡಿಯಲ್ಲಿಟ್ಟರೂ ನೀರಿನದೇ ಜಗ್ಗುತ್ತದೆ. ತುಂಗೆಯೇ ಇರಲಿ, ಅದಕ್ಕೆ ಸೇರುವ ಹಳ್ಳವೇ ಇರಲಿ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ನೋಡಿ ಮೋಸ ಹೋಗುತ್ತೇವೆ. ಹರಿವು ಕಡಿಮೆಯಾದಾಗ ಬಂಡೆಗಳ ಕೆಳಗೆ, ತಿರುವಿನ ಹೊರಮಗ್ಗುಲಲ್ಲಿ ಗುಂಡಿಗಳು ಉಳಿಯುತ್ತವೆ. ಮರಳು ತೆಗೆದ ಜಾಗ ಇನ್ನೂ ಕೆಟ್ಟದ್ದು. ಅಲ್ಲಿ ತಳ ಮೆಲ್ಲಗೆ ಇಳಿಯುವುದಿಲ್ಲ, ಒಂದು ಹೆಜ್ಜೆಗೆ ಸೊಂಟದ ನೀರು, ಮುಂದಿನ ಹೆಜ್ಜೆಗೆ ಆಳು ಮುಳುಗುವ ನೀರು. ಅಂಚಿನ ಮರಳೂ ಕಾಲ ಕೆಳಗೆ ಕುಸಿಯುತ್ತದೆ. ಆದ್ದರಿಂದ ಮೊದಲ ದಿನ ಊರಿನ ಹೊಳೆ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ, ಆರಡಿ ಬಿದಿರಿನ ಕೋಲಿನಿಂದ ತಳ ಮುಟ್ಟಿ ನೋಡಿ. ತಂಗಿಯ ಸೊಂಟ ಮೀರದ, ತಳ ಕಾಣುವ, ಎರಡೂ ಕಡೆ ಹತ್ತಿ ಬರಲು ಆಗುವ ಒಂದೇ ಒಂದು ಜಾಗ ಗೊತ್ತು ಮಾಡಿ. ಹೊಳೆ ಅಂದರೆ ಆ ಜಾಗ, ಬೇರೆ ಇಲ್ಲ. ಮೇಲ್ಗಡೆ ಗುಡ್ಡದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ನೀರಿನ ಬಣ್ಣ ಕೆಂಪಾಗಿ ಕಡ್ಡಿ, ತರಗೆಲೆ ತೇಲಿಬರಲು ಶುರುವಾದರೆ ಆ ಕ್ಷಣವೇ ದಡಕ್ಕೆ. ಮತ್ತು ಹೊಳೆಗೆ ಹೋಗುವಾಗ ಈಜು ಬರುವ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಈ ಒಂದರಲ್ಲಿ ಮಾತ್ರ ರಾಜಿ ಬೇಡ. ದಡದಲ್ಲಿ ಕೂತು ಮೊಬೈಲ್ ನೋಡುವವರು ಲೆಕ್ಕಕ್ಕಿಲ್ಲ. ಮುಳುಗುವ ಮಗು ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮುಳುಗುತ್ತ ಏಳುತ್ತ ಇರುವಾಗ ಉಸಿರು ಎಳೆಯಲೇ ಪುರುಸೊತ್ತಿರುವುದಿಲ್ಲ, ಕೂಗುವುದೆಲ್ಲಿ ಬಂತು? ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದು, ನಿಂತಲ್ಲೇ ಏಣಿ ಹತ್ತುವ ಹಾಗೆ ಕೈಯಾಡಿಸುತ್ತಿದ್ದರೆ ಅದು ಆಟವಲ್ಲ. ಒಂದು ನಿಮಿಷದೊಳಗೆ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ.

ಈಜು ಕಲಿಸಲು ರಜೆಯೇ ಒಳ್ಳೆಯ ಸಮಯ. ತೇಲಲೆಂದು ಮೈಗೆ ಕಟ್ಟುತ್ತಿದ್ದ ಒಣಗಿದ ಸೋರೆ ಬುರುಡೆ ಈಗ ಸಿಗುವುದು ಕಷ್ಟ, ಅದರ ಬದಲು ಎರಡು 5 ಲೀಟರ್ ಪ್ಲಾಸ್ಟಿಕ್ ಕ್ಯಾನ್ ಸಾಕು. ಒಂದು ಲೀಟರ್ ಗಾಳಿ ನೀರಿನಲ್ಲಿ ಹತ್ತಿರಹತ್ತಿರ ಒಂದು ಕೆ.ಜಿ. ಎತ್ತುತ್ತದೆ. ಮಗುವಿನ ಮೈ ಬಹುಪಾಲು ತಾನೇ ತೇಲುವುದರಿಂದ ತಲೆ ಮೇಲಿಡಲು ಕೆಲವೇ ಕೆ.ಜಿ. ಬೇಕು, 10 ಲೀಟರ್ ಧಾರಾಳ. ಕಟ್ಟುವಾಗ ಆಗುವ ತಪ್ಪು ಒಂದೇ: ಸೊಂಟಕ್ಕೆ ಕಟ್ಟುವುದು. ಹಗ್ಗ ತೊಡೆಗೆ ಜಾರಿದರೆ ಕಾಲು ಮೇಲೆ, ತಲೆ ಕೆಳಗೆ ಆಗುತ್ತದೆ. ಕಂಕುಳ ಕೆಳಗೆ, ಎದೆಯ ಸುತ್ತ ಅಗಲವಾದ ಬಟ್ಟೆಯ ಪಟ್ಟಿ ಕಟ್ಟಿ, ಬೆನ್ನ ಎರಡೂ ಬದಿಗೆ ಕ್ಯಾನ್ ಬರುವಂತೆ ಬಿಗಿದು, ಹೆಗಲ ಮೇಲಿಂದ ಒಂದು ಎಳೆ ಹಾಯಿಸಿ. ಮುಚ್ಚಳ ತಿರುಗಿಸುವ ಮೊದಲು ಕ್ಯಾನಿನ ಬಾಯಿಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟರೆ ನೀರು ಒಳಗಿಳಿಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ಅದು ಕಲಿಯುವ ಸಾಧನ ಮಾತ್ರ, ಕಾಯುವ ಸಾಧನವಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡವರು ನೀರಿನಲ್ಲೇ ಇರಬೇಕು. ಲಾರಿ ಟ್ಯೂಬ್ ಕೊಡಬೇಡಿ. ಮಗು ನಡುವಿನಿಂದ ಜಾರಿ ಕೆಳಗೆ ಹೋಗುತ್ತದೆ, ಟ್ಯೂಬು ಮೇಲೆ ತೇಲುತ್ತಿರುತ್ತದೆ. ಈಜು ಬಂತು ಎನ್ನಬೇಕಾದರೆ, ಕ್ಯಾನ್ ಇಲ್ಲದೆ ತಲೆ ಮುಳುಗುವ ನೀರಿಗೆ ಹಾರಿ ತಾನೇ ಮೇಲೆ ಬರಬೇಕು, ಒಂದು ನಿಮಿಷ ಇದ್ದಲ್ಲೇ ತೇಲಬೇಕು, ಸುತ್ತ ತಿರುಗಿ ದಡ ಯಾವ ಕಡೆ ಎಂದು ನೋಡಬೇಕು, ಸುಮಾರು 25 ಮೀಟರ್ ಈಜಿ ತಾನೇ ಹತ್ತಿ ಬರಬೇಕು. ಇವುಗಳಲ್ಲಿ ಒಂದು ಬಾರದಿದ್ದರೂ ಇನ್ನೂ ಕಲಿಯುತ್ತಿದ್ದಾಳೆ ಎಂದೇ ಅರ್ಥ.

ತೋಟದ ಸುತ್ತ ಕೃಷಿ ಹೊಂಡ ಇದೆಯೇ ನೋಡಿ. ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ ಹೊಳೆಗಿಂತ ಕ್ರೂರ. ಇಳಿಜಾರಾದ ಹಾಳೆಯ ಮೇಲೆ ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಏನೂ ಇರುವುದಿಲ್ಲ, ಈಜು ಬಲ್ಲವರೂ ದಡಕ್ಕೆ ಬಂದು ಬಂದು ಸುಸ್ತಾಗಿ ಮುಳುಗುತ್ತಾರೆ. ಮಕ್ಕಳಿಗೆ ಅದು ಪೂರ್ತಿ ನಿಷೇಧ. ಹೊಂಡ ನಿಮ್ಮದೇ ಆದರೆ ಸುತ್ತ ಬೇಲಿ ಹಾಕಿಸಿ. ನಾಲ್ಕೂ ಬದಿಗೆ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನೊಳಗೆ ಮುಳುಗುವಷ್ಟು ಇಳಿಬಿಡಿ. ಗಂಟಿಲ್ಲದ ಹಗ್ಗ ಒದ್ದೆ ಕೈಗೆ ನಿಲ್ಲುವುದಿಲ್ಲ. ಕಟ್ಟೆ ಇಲ್ಲದ ತೋಟದ ಬಾವಿಗೆ ಕಬ್ಬಿಣದ ಬಲೆ ಹಾಕಿಸುವುದೂ ಈ ಎರಡು ದಿನದ ಕೆಲಸವೇ.

ಈಗ ಹೇಳುವುದನ್ನು ದಯವಿಟ್ಟು ಇಬ್ಬರಿಂದಲೂ ಮಾಡಿಸಿ, ಓದಿ ಹೇಳಿದರೆ ಸಾಲದು. ಒಬ್ಬರು ಮುಳುಗುತ್ತಿದ್ದಾಗ ಇನ್ನೊಬ್ಬರು ಹಾರುತ್ತಾರೆ. ಒಂದೇ ಮನೆಯ ಎರಡು ಮಕ್ಕಳು ಒಟ್ಟಿಗೆ ಹೋಗುವುದು ಹೀಗೆ. ಮುಳುಗುವವಳು ಸಿಕ್ಕಿದ್ದನ್ನು ಹಿಡಿದು ಅದರ ಮೇಲೆ ಹತ್ತುತ್ತಾಳೆ, ಅದು ಅಣ್ಣನ ಕುತ್ತಿಗೆಯೇ ಆದರೂ. ನಿಮ್ಮ ಮಗನಿಗೆ ಈಜು ಬಂದರೂ ತಂಗಿಯನ್ನು ಹೊತ್ತು ಈಜಲು ಬರುವುದಿಲ್ಲ. ಅವನ ಕೆಲಸ ಮೂರು: ಕೂಗುವುದು, ಚಾಚುವುದು, ಎಸೆಯುವುದು. ನೀರಿಗೆ ಇಳಿಯುವುದು ಅವನ ಕೆಲಸವಲ್ಲ.

ಎಸೆಯುವ ಹಗ್ಗವನ್ನು ಮನೆಯಲ್ಲೇ ಮಾಡಿ. ಕಿರುಬೆರಳು ದಪ್ಪದ, ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಹಗ್ಗ 15 ಮೀಟರ್. ನೈಲಾನ್ ಹಗ್ಗ ಮುಳುಗುತ್ತದೆ, ಅದು ಬೇಡ. ಒಂದು ತುದಿಗೆ ಹಿಡಿಯಿರುವ 5 ಲೀಟರ್ ಕ್ಯಾನ್ ಕಟ್ಟಿ, ಒಳಗೆ ಕಾಲು ಲೀಟರ್ ನೀರು ಹಾಕಿ ಮುಚ್ಚಳ ಬಿಗಿಯಿರಿ. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಹಾರಿ ಎಲ್ಲೋ ಬೀಳುತ್ತದೆ, ತುಂಬ ನೀರಿದ್ದರೆ 12 ವರ್ಷದ ಕೈಗೆ ದೂರ ಹೋಗುವುದಿಲ್ಲ, ತಲೆಗೆ ಬಿದ್ದರೆ ಪೆಟ್ಟೂ ಹೌದು. ಇನ್ನೊಂದು ತುದಿಗೆ ಗಂಟು ಹಾಕಿ ಅದನ್ನು ಪಾದದಡಿ ಒತ್ತಿ ನಿಲ್ಲಬೇಕು. ಕೈಗೆ ಸುತ್ತಿಕೊಂಡರೆ ಎಳೆತಕ್ಕೆ ಅವನೇ ನೀರಿಗೆ ಹೋಗುತ್ತಾನೆ. ತೋಳಿನ ಕೆಳಗಿನಿಂದ ತೂಗಿ, ಮುಳುಗುವವರ ತಲೆಯನ್ನು ದಾಟಿ ಆಚೆ ಬೀಳುವಂತೆ ಎಸೆಯಬೇಕು, ಆಗ ಹಗ್ಗ ಹೆಗಲ ಮೇಲೆ ಬೀಳುತ್ತದೆ. ಹಿಡಿದ ಮೇಲೆ ದಡದಲ್ಲಿ ಬೋರಲು ಮಲಗಿ, ಇಲ್ಲವೇ ಕೂತು ಕಾಲೊತ್ತಿ ಎಳೆಯಬೇಕು. ಮೊದಲು ಅಂಗಳದಲ್ಲಿ, ತಂಗಿಯನ್ನು ಎಂಟು ಮೀಟರ್ ದೂರ ಕೂರಿಸಿ ಎಸೆಯಲು ಬಿಡಿ. ಹತ್ತರಲ್ಲಿ ಎಂಟು ಸಲ ಅವಳ ಕೈಗೆ ಸಿಗುವಂತಾಗಬೇಕು. ಆಮೇಲೆ ಅದಲು ಬದಲು, ಅವಳೂ ಎಸೆಯಲಿ. ಮಕ್ಕಳಿಗೆ ಇದು ಆಟವೇ, ಎರಡು ಸಂಜೆಗೆ ಬಂದುಬಿಡುತ್ತದೆ. ಹಗ್ಗ ಇಲ್ಲದ ಕಡೆ ದೋಟಿ, ಬಿದಿರು, ಪಂಚೆ, ಸೀರೆ ಏನಾದರೂ ಆದೀತು.

ನೀರಿನಿಂದ ತೆಗೆದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಇವತ್ತಿಗೂ ಹಳ್ಳಿಗಳಲ್ಲಿ ನಡೆಯುತ್ತದೆ. ಇದರಿಂದ ಹೊಟ್ಟೆಯ ನೀರು ಶ್ವಾಸಕ್ಕೆ ಹೋಗುತ್ತದೆ, ಬೆಲೆ ಕಟ್ಟಲಾಗದ ನಿಮಿಷಗಳೂ ಹೋಗುತ್ತವೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಂದ ಬಾಯಿಗೆ ಐದು ಉಸಿರು ಊದಬೇಕು. ಆಗಲೂ ಚಲನೆ ಇಲ್ಲದಿದ್ದರೆ ಎದೆಯ ನಡುವೆ ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗುವಷ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಉಸಿರು. ಆಂಬುಲೆನ್ಸ್ ಬರುವ ತನಕ ಇದೇ. ಇದನ್ನು ಮನೆಯಲ್ಲಿರುವ ಚಿಕ್ಕಪ್ಪ, ಚಿಕ್ಕಮ್ಮ ಕಲಿತಿರಲಿ. ಎಚ್ಚರ ಬಂದರೂ ಆಸ್ಪತ್ರೆಗೆ ಕರೆದೊಯ್ಯಬೇಕು, ಕೆಲವು ಗಂಟೆಗಳ ಬಳಿಕ ಉಸಿರಾಟ ಕೆಡುವುದುಂಟು.

ಮರ ಹತ್ತುವುದಕ್ಕೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ಮರ ನೋಡಿ ಹತ್ತಬೇಕು. ಪೇರಲೆ, ಹುಣಸೆ ಕೊಂಬೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಮಾವು, ಹಲಸಿನ ಹಸಿ ಕೊಂಬೆಗಳೂ ನಂಬಿಕೆಗೆ ಅರ್ಹ. ನುಗ್ಗೆ ಮತ್ತು ನೇರಳೆ ಎರಡನ್ನೂ ಹತ್ತಲೇಬಾರದು. ನುಗ್ಗೆ ಮೆದು, ನೇರಳೆ ದಪ್ಪಗೆ ಗಟ್ಟಿಯಾಗಿ ಕಂಡರೂ ಮುನ್ಸೂಚನೆ ಇಲ್ಲದೆ ಲಟಕ್ಕನೆ ಮುರಿಯುತ್ತದೆ, ಹಣ್ಣಿನ ಆಸೆಗೆ ತುದಿಗೆ ಹೋಗುವವರೇ ಬೀಳುವುದು. ತಂಗಿಯನ್ನು ಎತ್ತಿ ಮೊದಲ ಕವಲಿಗೆ ಕೂರಿಸಬಾರದು. ತಾನೇ ಹತ್ತಿದವಳಿಗೆ ಇಳಿಯುವ ದಾರಿ ಗೊತ್ತಿರುತ್ತದೆ, ಎತ್ತಿ ಕೂರಿಸಿದವಳಿಗೆ ಇರುವುದಿಲ್ಲ. ಒಂದು ಕೊಂಬೆಗೆ ಒಬ್ಬರೇ. ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಮರದ ಮೇಲಿರಬೇಕು. ಮೇಲಿದ್ದವರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಮರದ ಹತ್ತಿರ ಕರೆಂಟ್ ತಂತಿ ಹಾದುಹೋಗಿದ್ದರೆ ಆ ಮರವೇ ಬೇಡ, ಅದರಲ್ಲೂ ಅಲ್ಯೂಮಿನಿಯಂ ದೋಟಿಯನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಬಿದ್ದು ಕುತ್ತಿಗೆ ಅಥವಾ ಬೆನ್ನು ನೋಯುತ್ತದೆ, ಕೈಕಾಲು ಜೋಮು ಎಂದರೆ ಎತ್ತಿ ಕೂರಿಸದೆ ಮಲಗಿದ್ದಂತೆಯೇ ಇರಿಸಿ ಜನ ಕರೆಯಬೇಕು. ತಲೆಗೆ ಪೆಟ್ಟಾಗಿ ಮತ್ತೆ ಮತ್ತೆ ವಾಂತಿ, ವಿಪರೀತ ತೂಕಡಿಕೆ ಬಂದರೆ ಅದೇ ದಿನ ಆಸ್ಪತ್ರೆಗೆ.

ಗೇರಿನ ವಿಷಯ. ಹಣ್ಣು ತಿನ್ನಲಿ, ಗಂಟಲು ಕೆರೆದರೆ ಹಣ್ಣಿಗೆ ಉಪ್ಪು ಹಚ್ಚಿಕೊಳ್ಳಲಿ. ಸುಡುವುದು ಬೀಜದ ಸಿಪ್ಪೆಯ ಎರಡು ಪದರಗಳ ನಡುವಿನ ಎಣ್ಣೆ, ಹಲ್ಲಿನಿಂದ ಕಚ್ಚಿದರೆ ನೇರ ತುಟಿಗೆ ಚಿಮ್ಮುತ್ತದೆ. ಮಾವಿನ ಸೊನೆಯೂ ಇದೇ ಜಾತಿಯದು, ಎರಡೂ ಮರ ಒಂದೇ ಕುಟುಂಬ. ತಗುಲಿದ ಕೂಡಲೇ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಬೇಕು, ಉಗುರಿನ ಸಂದಿಯನ್ನೂ. ತೊಳೆಯದ ಕೈಯಿಂದ ಕಣ್ಣು ಮುಟ್ಟಬಾರದು. ಕೆಲವರಿಗೆ ತುರಿಕೆ, ಗುಳ್ಳೆ ಏಳುವುದು ಒಂದೆರಡು ದಿನದ ಮೇಲೆ. ಬೀಜ ಸುಡುವ ಸಂಭ್ರಮವನ್ನು ಮಕ್ಕಳಿಂದ ಕಸಿಯಬೇಡಿ, ದೊಡ್ಡವರು ಪಕ್ಕದಲ್ಲಿದ್ದು ಮಾಡಿಸಿ. ಬಯಲಿನಲ್ಲಿ ಮೂರು ಕಲ್ಲಿನ ಒಲೆ, ತೂತು ಬಿದ್ದ ಹಳೆ ಕಬ್ಬಿಣದ ಬಾಣಲೆ, ಒಮ್ಮೆಗೆ ಎರಡು ಹಿಡಿ ಬೀಜ ಮಾತ್ರ, ಕೆದಕಲು ನಾಲ್ಕಡಿ ಕೋಲು. ಎಣ್ಣೆ ಚಿಮ್ಮಿ ಭಗ್ಗನೆ ಉರಿ ಹತ್ತುತ್ತದೆ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತಿರಬೇಕು, ಹೊಗೆಯೂ ಕಣ್ಣು, ಮೂಗು ಉರಿಸುತ್ತದೆ. ಸಿಪ್ಪೆ ಕರಿದಾದ ಮೇಲೆ ಮಣ್ಣಿಗೆ ಸುರಿದು ಬೂದಿ ಮುಚ್ಚಿ. ಪೂರ್ತಿ ಆರಿದ ಬಳಿಕ ಕೈಗೆ ಬೂದಿ ಹಚ್ಚಿಕೊಂಡು ಕಲ್ಲಿನಲ್ಲಿ ಒಡೆದರೆ ಬೆರಳು ಕಪ್ಪಾಗುತ್ತದೆ, ಸುಡುವುದಿಲ್ಲ.

ಚಾಟಿಬಿಲ್ಲು ಡಬ್ಬ ಹೊಡೆಯಲು ಮಾತ್ರ. ಹಕ್ಕಿಗೂ ಬೇಡ, ಹೆಜ್ಜೇನು ಗೂಡಿಗಂತೂ ಬೇಡವೇ ಬೇಡ. ಹೆಜ್ಜೇನು ಎದ್ದರೆ ಅಂಗಿಯನ್ನು ತಲೆ ಮೇಲೆ ಎಳೆದುಕೊಂಡು, ಕೈ ಬೀಸದೆ, ನೇರ ಮನೆಯೊಳಗೆ ಓಡಬೇಕು. ನೀರಿಗೆ ಧುಮುಕಿದರೆ ಅವು ಮೇಲೆಯೇ ಕಾಯುತ್ತವೆ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ಕಾಯದೆ ಆಸ್ಪತ್ರೆಗೆ.

ನಾಯಿ ಕಚ್ಚಿದರಷ್ಟೇ ಅಲ್ಲ, ಪರಚಿದರೂ ಹೇಳಲೇಬೇಕು. ಮನೆಯ ನಾಯಿಮರಿಯೂ ಇದಕ್ಕೆ ಹೊರತಲ್ಲ. ಹರಿಯುವ ನೀರು, ಸೋಪಿನಿಂದ 15 ನಿಮಿಷ ಗಡಿಯಾರ ನೋಡಿ ತೊಳೆದು, ಸುಣ್ಣ, ಮೆಣಸಿನಪುಡಿ ಯಾವುದೂ ಹಚ್ಚದೆ ಅಂದೇ ಆಸ್ಪತ್ರೆಗೆ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೂಡ ಬೇಕು, ಇದೆಯೇ ಎಂದು ಕೇಳಿ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಹಾವಿನ ವಿಷಯದಲ್ಲಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಗೆ ಹೋಗುವುದು ಬೇಡ; ಗೆಜ್ಜೆ, ಬಳೆ, ಉಂಗುರ ಬಿಚ್ಚಿ, ನಡೆಸದೆ ಎತ್ತಿಕೊಂಡು ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದು ಇದೆಯೇ ಎಂದು ಹೋದ ದಿನವೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ 108ಕ್ಕೆ ಎಲ್ಲಿ ನಿಂತು ಫೋನ್ ಮಾಡಬೇಕು, ಯಾರ ಮನೆಯ ಜೀಪು ಇದೆ ಎಂಬುದು ಮಗನಿಗೂ ಗೊತ್ತಿರಲಿ.

ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಬರುತ್ತದೆ. ಗುಡುಗು ಕಿವಿಗೆ ಬಿದ್ದರೆ ಆಟ ಮುಗಿಯಿತು. ಮರದಡಿ ನಿಲ್ಲದೆ ಮನೆಗೆ ಬರಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಹೋಗಬಾರದು. ಹವಾಮಾನ ಸಂಸ್ಥೆಗಳ "ದಾಮಿನಿ", "ಸಿಡಿಲು" ಆ್ಯಪ್‌ಗಳಲ್ಲಿ ಒಂದು ಅಜ್ಜನ ಫೋನಿನಲ್ಲಿರಲಿ.

ಕೊನೆಗೆ ನಿಮ್ಮ ಸೀಮೆಯದೇ ಕಾಯಿಲೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ, ತೀರ್ಥಹಳ್ಳಿಯಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಅಂದರೆ ರಜೆಯೂ ಅದರೊಳಗೇ ಬರುತ್ತದೆ. ಹರಡುವುದು ಉಣುಗು ಎಂಬ ರಕ್ತ ಹೀರುವ ಹುಳ, ಮರಿ ಉಣುಗು ಒಂದು ಮಿಲಿಮೀಟರ್ ಆಸುಪಾಸು ಇರುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ಒಣ ತರಗೆಲೆಯ ರಾಶಿಯಲ್ಲಿ ಹೊರಳಾಡುವುದು, ಗುಡ್ಡದ ಕಾಡಿನೊಳಗೆ ಕೂತು ಆಡುವುದು ಈ ಎರಡು ತಿಂಗಳು ಬೇಡ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಬಂದು ಹೇಳಬೇಕು, ನೀವು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ಭಾಗದಲ್ಲಿ ಕಾಯಿಲೆ ಇದೆಯೇ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಮಕ್ಕಳಿಗೆ ಹೇಗೆ ಬಳಸಬೇಕು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಗುಡ್ಡದಿಂದ ಬಂದ ದಿನ ಬಿಸಿನೀರು, ಸೋಪಿನ ಸ್ನಾನ, ಕಿವಿಯ ಹಿಂದೆ, ಕಂಕುಳು, ಚಡ್ಡಿಯ ಲಾಡಿ ಕೂರುವ ಜಾಗ ನೋಡಿ, ಬಟ್ಟೆಗೂ ಬಿಸಿನೀರು. ಉಣುಗು ಕಚ್ಚಿದ ಸುಮಾರು ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಮಕ್ಕಳು ಬೆಂಗಳೂರಿಗೆ ಬಂದ ಮೇಲೆ ಜ್ವರ ಕಾಣಿಸಿಕೊಂಡರೆ, ಅವರು ತೀರ್ಥಹಳ್ಳಿ ಕಡೆಯ ತೋಟ-ಗುಡ್ಡದಲ್ಲಿ ಓಡಾಡಿ ಬಂದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ.